ನೂರು ಚೈನಿನ ಕಾಡುದಾರಿ

ನಿನ್ನೆ ನಮ್ಮ ಮೊಮ್ಮಗಳು ನಡೆದಳು! ಕಾಡಿನ ದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ, ಯಾರ ಕೈಯನ್ನೂ ಹಿಡಿಯದೆ ನಡೆದಳು. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ದಪ್ಪದಪ್ಪವಾಗಿ ಬರುತ್ತವೆ.

ಅವಳಿಗೆ ಐದು ವರ್ಷ. ಹುಟ್ಟುವಾಗಲೇ ಪಾದಗಳೆರಡೂ ಒಳಕ್ಕೆ ತಿರುಗಿದ್ದವು. ಎಷ್ಟು ಪ್ಲಾಸ್ಟರು, ಎರಡು ಆಪರೇಷನ್ನು, ಆಮೇಲೆ ಕಂಬಿ ಹಾಕಿದ ಬೂಟು. ಮಗಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಅಳಿಯ ಕತ್ತಲಿರುವಾಗಲೇ ಮಾನೇಸರಿನ ಕಾರ್ಖಾನೆಯ ಬಸ್ಸು ಹತ್ತುತ್ತಾರೆ. ಅದಕ್ಕೇ ನಾನೂ ನಮ್ಮ ಯಜಮಾನರೂ ದೆಹಲಿಯ ಹೌಜ್ ಖಾಸಿನ ಈ ಬಾಡಿಗೆ ಮನೆಗೆ ಬಂದು ಸೇರಿದೆವು.

ಯಜಮಾನರು ಸರ್ವೆ ಇಲಾಖೆಯಲ್ಲಿ ಚೈನು ಎಳೆಯುತ್ತಿದ್ದವರು. ಹೊಲ ಅಳೆಯುವ ಮೂವತ್ಮೂರು ಅಡಿಯ ಸರಪಳಿ ಅದು. ಇಲ್ಲಿ ರಸ್ತೆ ಅಗೆದು ಮೆಟ್ರೋ ಕೆಲಸ ಶುರುವಾದಾಗ ದಿನಾ ಹೋಗಿ ನಿಂತು, ಅಳೆಯುವ ಹುಡುಗರಿಗೆ ತಮಗೆ ಬಾರದ ಹಿಂದಿಯಲ್ಲಿ ಬುದ್ಧಿ ಹೇಳಿ ಬರುತ್ತಿದ್ದರು.

ಹೋದ ದೀಪಾವಳಿಯ ಹೊತ್ತಿಗೆ ಅಳಿಯ ಒಂದು ಬಣ್ಣದ ಕಾಗದ ತಂದರು. ಹಿಮಾಚಲದಲ್ಲಿ ಒಂದು ಹಿಮದ ರೆಸಾರ್ಟಂತೆ. ಕಾಲಿಗೆ ಹಲಗೆ ಕಟ್ಟಿಕೊಂಡು ಜನ ಜಾರುವ ಚಿತ್ರ. ಕೆಳಗೆ ಇನ್ನೊಂದು ಚಿತ್ರ: ದೇವದಾರು ಮರಗಳ ನಡುವೆ ಕಾಲುದಾರಿ. ಒಂದು ಕಿಲೋಮೀಟರು, ಏರುಪೇರಿಲ್ಲ, ಮಕ್ಕಳೂ ಮುದುಕರೂ ನಡೆಯಬಹುದು ಎಂದು ಅಳಿಯ ಓದಿ ಹೇಳಿದರು. "ಪುಟ್ಟಿ ಅಷ್ಟು ದೂರ ತಾನೇ ನಡೆದರೆ ಮಾರ್ಚ್‌ನಲ್ಲಿ ಎಲ್ಲರೂ ಹೋಗೋಣ ಮಾವ" ಎಂದರು.

"ಒಂದು ಕಿಲೋಮೀಟರು ಅಂದ್ರೆ ನಮ್ಮ ನೂರು ಚೈನು ಕಣೇ" ಎಂದರು ಯಜಮಾನರು ನನ್ನ ಕಡೆ ತಿರುಗಿ.

"ಮೊದಲು ನಿಮ್ಮ ಮಂಡಿ ನೋಡ್ಕೊಳ್ಳಿ."

"ಮಂಡಿ ಇರೋದು ನೋಡ್ಕೊಳ್ಳೋಕಲ್ಲ, ನಡೆಯೋಕೆ."

ಮಾರನೆಯ ದಿನವೇ ಮೂವತ್ಮೂರು ಅಡಿಯ ಹಗ್ಗ ಮಾಡಿಕೊಂಡು, ಹತ್ತಿರದ ಜಿಂಕೆ ಪಾರ್ಕಿನ ಕಾಡಿನಲ್ಲಿ ನೂರು ಚೈನು ಅಳೆದರು. ಹತ್ತು ಚೈನಿಗೊಂದು ಮರಕ್ಕೆ ತಮ್ಮ ಹಳೆಯ ಬಿಳಿ ಪಂಚೆಯ ಚೂರು ಕಟ್ಟತೊಡಗಿದರು. ಆಮೇಲೆ ದಿನಾ ಬೆಳಿಗ್ಗೆ ಅಜ್ಜ ಮೊಮ್ಮಗಳ ಸವಾರಿ. ನಾನು ಮನೆಯಲ್ಲಿ ತಿಂಡಿ ಮಾಡುತ್ತಿದ್ದೆ. ಮಗು ನಡೆಯುವಷ್ಟು ನಡೆದು ಕೈ ಮೇಲೆತ್ತಿದರೆ, ಮಿಕ್ಕ ದಾರಿಗೆ ಅಜ್ಜನ ಹೆಗಲು. ವಾಕಿಂಗಿಗೆ ಬರುವ ಹೆಂಗಸರು ಬಟ್ಟೆ ಕಟ್ಟಿದ ಮರವನ್ನು ಹರಕೆ ಮರವೆಂದು ತಿಳಿದು ಮೂರನೆಯ ಗುರುತಿನ ಪಕ್ಕ ಕೆಂಪು ದಾರ ಕಟ್ಟಿದ್ದರಂತೆ. "ಸರ್ವೆ ಗುರುತಿಗೆ ಕೈಮುಗೀತಾರೆ ಕಣೇ ಈ ಊರಲ್ಲಿ!" ಎಂದು ಯಜಮಾನರು ಮನೆಗೆ ಬಂದು ಕೂಗಾಡಿದರು. ನಾನು ನಕ್ಕು ನಕ್ಕು ಸಾಕಾದೆ.

ವರ್ಷದ ಕೊನೆಗೆ ಮಗುವಿನ ನಡಿಗೆ ಆರನೆಯ ಗುರುತು ಮುಟ್ಟಿತು. ಅರವತ್ತು ಚೈನು!

ಜನವರಿಯ ಒಂದು ಬೆಳಿಗ್ಗೆ, ಮಂಜಿನಲ್ಲಿ ಎದುರುಮನೆಯೂ ಕಾಣುತ್ತಿರಲಿಲ್ಲ. ಯಜಮಾನರು ಮಗುವಿನ ಒಂದು ಬೂಟಿನ ದಾರ ಕಟ್ಟಿದರು. ಇನ್ನೊಂದನ್ನು ಕಟ್ಟಲಿಲ್ಲ. ಬಗ್ಗಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. "ಅಜ್ಜಿ, ಅಜ್ಜ ಸೋ ಗಯೇ" ಎಂದು ಮಗು ಕೂಗಿತು, ಅಜ್ಜ ಮಲಗಿಬಿಟ್ಟರಂತೆ. ನಾನು ಕೈಯಲ್ಲಿ ದೋಸೆಯ ಸೌಟು ಹಿಡಿದೇ ಓಡಿಬಂದೆ. ಮುಗಿದುಹೋಗಿತ್ತು.

ಕರ್ಮ ಕಳೆದ ಮೇಲೆ ಮಗುವನ್ನು ಕಾಡಿಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ಆರನೆಯ ಗುರುತಿನವರೆಗೆ ಸುಮ್ಮನೆ ಬರುತ್ತಿದ್ದಳು. ಅಲ್ಲಿ ನಿಂತು ಎರಡೂ ಕೈ ಮೇಲೆತ್ತುತ್ತಿದ್ದಳು. ನನ್ನ ಕಡೆಗಲ್ಲ, ಅವರು ಇರುತ್ತಿದ್ದ ಎತ್ತರಕ್ಕೆ. ನನಗೆ ಅವಳನ್ನು ಎತ್ತುವ ಶಕ್ತಿ ಇಲ್ಲ. ಇಬ್ಬರೂ ಬೇವಿನ ಬುಡದಲ್ಲಿ ಕೂತು ವಾಪಸ್ಸು ಬರುತ್ತಿದ್ದೆವು. ಎರಡು ತಿಂಗಳು ಹೀಗೇ ಆಯಿತು. ಮಾರ್ಚ್ ಬಂದರೂ ಹಿಮದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ನಿನ್ನೆಯೂ ಕೈ ಎತ್ತಿದಳು. ತುಂಬಾ ಹೊತ್ತು ನಿಂತಳು. ಆಮೇಲೆ ತಾನೇ ಕೈ ಇಳಿಸಿ, "ಚಲೋ ಅಜ್ಜಿ" ಎಂದು ಮುಂದಕ್ಕೆ ಹೆಜ್ಜೆ ಇಟ್ಟಳು. ಕುಣಿಯಬೇಕಿತ್ತು ನಾನು. ಆದರೆ ಆ ಕೈ ಇಳಿದದ್ದು ನೋಡಿ ಬೇವಿನ ಮರ ಹಿಡಿದು ನಿಂತುಬಿಟ್ಟೆ. ಅಲ್ಲಿಯವರೆಗೆ ಅವಳೊಬ್ಬಳು ಅವರಿಗಾಗಿ ಕಾಯುತ್ತಿದ್ದಳು.

ಏಳನೆಯ ಗುರುತು ಬಿಳಿ ಇರಲಿಲ್ಲ. ಹಸಿರು. ಹತ್ತಿರ ಹೋಗಿ ಮುಟ್ಟಿದೆ. ನನ್ನ ಗಿಣಿಹಸಿರು ಸೀರೆ! ಡಿಸೆಂಬರಿನಲ್ಲಿ ತಂತಿಯ ಮೇಲಿಂದ ಮಾಯವಾಗಿತ್ತು. ಕೋತಿ ಎತ್ತಿಕೊಂಡು ಹೋಯಿತೆಂದು ನಾನು ಬೈದಾಗ ಈ ಮಹಾರಾಯರು "ಇಲ್ಲಿನ ಕೋತಿಗಳು ಬಹಳ ಕೆಟ್ಟವು" ಎಂದು ತಲೆಯಾಡಿಸಿದ್ದರು.

"ಅಜ್ಜ ಬೋಲೇ, ಅಜ್ಜಿ ಕೋ ಮತ್ ಬತಾನಾ" ಎಂದಳು ಮಗು. ನನಗೆ ಹೇಳಬೇಡವೆಂದಿದ್ದರಂತೆ. "ಬಾಕಿ ಸೀರೆ ಅಜ್ಜನ ಚೀಲದಲ್ಲಿ ಇದೆ."

ಎಂಟು, ಒಂಬತ್ತು, ಹತ್ತು. ಕೊನೆಯವರೆಗೂ ಕಟ್ಟಿಟ್ಟು ಹೋಗಿದ್ದರು. ಹತ್ತನೆಯ ಮರವನ್ನು ಮಗು ಮುಟ್ಟಿ ನಿಂತಳು. ನಾನು ಅದನ್ನು ತಬ್ಬಿಕೊಂಡು ದೊಡ್ಡ ದನಿಯಲ್ಲಿ ಅತ್ತೆ. ಪಾರ್ಕಿನ ಮಾಲಿ ಏನಾಯಿತೋ ಎಂದು ಓಡಿಬಂದು, "ಕ್ಯಾ ಹುವಾ ಮಾತಾಜಿ?" ಎಂದ. "ನಡೆದಳು ಭಯ್ಯಾ, ನಡೆದಳು" ಎಂದೆ ಕನ್ನಡದಲ್ಲೇ.

ಮನೆಯ ಬಾಗಿಲ ಹಿಂದೆ ನೇತುಹಾಕಿದ್ದ ಅವರ ಚೀಲವನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ತೆಗೆದೆ. ಅಳತೆಯ ಹಗ್ಗ, ಅದರ ಕೆಳಗೆ ನೀಟಾಗಿ ಮಡಿಸಿದ ಸೀರೆಯ ಉಳಿದ ಭಾಗ.

ಅವರು ಹೋದಮೇಲೆ ಮನೆಯಲ್ಲಿ ಸಿಹಿ ಮಾಡಿರಲಿಲ್ಲ. ನಿನ್ನೆ ಸಂಜೆ ಹೆಸರುಬೇಳೆ ಪಾಯಸ ಮಾಡಿದೆ. ನಾಲ್ವರೂ ನೆಲದ ಮೇಲೆ ಕೂತೆವು. ಅಳಿಯ ಆ ಬಣ್ಣದ ಕಾಗದ ತಂದು ತಟ್ಟೆಗಳ ನಡುವೆ ಇಟ್ಟರು.

ಮಗು ಬಗ್ಗಿ ಚಿತ್ರ ನೋಡಿ, "ಇಲ್ಲಿ ಅಜ್ಜ ಬಟ್ಟೆ ಕಟ್ಟಿಲ್ಲ" ಎಂದಳು.

ಮಗಳು ತಲೆ ತಗ್ಗಿಸಿದಳು. ಅವಳ ಕಣ್ಣೀರು ಅನ್ನದ ಮೇಲೇ ಬಿತ್ತು.

"ಸೀರೆ ಇನ್ನೂ ಅರ್ಧ ಇದೆ ಪುಟ್ಟಿ. ನಾವೇ ಅಲ್ಲಿಗೆ ಹೋಗಿ ಕಟ್ಟೋಣ" ಎಂದೆ.

"ಹತ್ತು ಚೈನಿಗೆ ಒಂದು?"

"ಹತ್ತು ಚೈನಿಗೆ ಒಂದು."

ಅವಳು ಬಟ್ಟಲು ಮುಂದೆ ಚಾಚಿದಳು. ಪಾಯಸ ಬಡಿಸಿದೆ. ಎಲ್ಲರೂ ಊಟ ಮಾಡಿದೆವು.