ಹಿತ್ತಲಿಗೊಂದು ಕಟ್ಟಿಗೆಯ ಕಟ್ಟೆ

ನಮ್ಮ ಬೈಲಹೊಂಗಲದ ಕಡೆ ಕಟ್ಟಿಗೆಯ ಸಾಮಾನು ಕಂಡವರು ಅದನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದು ನೋಡದೆ ಮುಂದೆ ಹೋಗುವುದಿಲ್ಲ. ಬಾಗಿಲಿರಲಿ, ಪಲ್ಲಂಗವಿರಲಿ, ಮದುವೆಗೆಂದು ಬಂದ ಹೊಸ ಕಪಾಟಿರಲಿ, ಟಕ್ ಟಕ್ ಎಂದು ಬಡಿದು, ಕಿವಿಯನ್ನು ತುಸು ವಾಲಿಸಿ, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ "ಸಾಗವಾನಿ ಏನ್ರಿ?" ಎಂದು ಕೇಳುತ್ತಾರೆ. ಹೌದೆಂದರೆ ಮುಖದ ಮೇಲೆ ಸಂಶಯ, ಅಲ್ಲವೆಂದರೆ ಅನುಕಂಪ. ನಾನೂ ಹೀಗೆ ಬಡಿಯುತ್ತಲೇ ಬೆಳೆದವನು. ಆ ಸದ್ದಿನಿಂದ ತಿಳಿಯುವುದಾದರೂ ಏನು ಎಂಬುದು ಮಾತ್ರ ಐವತ್ತು ದಾಟಿದ ಮೇಲೂ ನನಗೆ ಗೊತ್ತಾಗಿರಲಿಲ್ಲ. ಕಾಲೇಜಿನಲ್ಲಿ ಭೂಗೋಳ ಕಲಿಸುವವನಿಗೆ ಅದು ಗೊತ್ತಿರಬೇಕೆಂದು ಯಾರೂ ಬಯಸಿರಲೂ ಇಲ್ಲ, ನಾನೇ ಹಿತ್ತಲಿನಲ್ಲೊಂದು ಕಟ್ಟಿಗೆಯ ಕಟ್ಟೆ ಮಾಡಿಸುತ್ತೇನೆಂದು ಹೊರಡುವವರೆಗೆ.

ಹೊರಟದ್ದು ಅವ್ವನ ಸಲುವಾಗಿ. ನಮ್ಮ ಹಿತ್ತಲ ಬಾಗಿಲಿನಿಂದ ಅಂಗಳಕ್ಕಿಳಿಯಲು ಕಲ್ಲಿನ ಮೆಟ್ಟಿಲುಗಳಿದ್ದವು. ಹೋದ ಮಳೆಗಾಲದಲ್ಲಿ ಅವ್ವ ಅವುಗಳ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಬೆಳಗಾವಿಯಲ್ಲಿ ಆಪರೇಷನ್ ಆಯಿತು, ಎಲುಬು ಕೂಡಿತು, ಡಾಕ್ಟರು ಎಷ್ಟು ನಡೆದರೆ ಅಷ್ಟು ಒಳ್ಳೆಯದೆಂದರು. ಅವ್ವ ಕೋಲೂರಿಕೊಂಡು ಮನೆಯೊಳಗೆಲ್ಲ ಓಡಾಡಿದಳು. ಆದರೆ ಹಿತ್ತಲ ಬಾಗಿಲವರೆಗೆ ಬಂದು, ಒಂದು ಗಳಿಗೆ ನಿಂತು, ಹಾಗೇ ತಿರುಗಿ ಹೋಗಿಬಿಡುತ್ತಿದ್ದಳು.

ಹಿತ್ತಲ ಗೋಡೆಯಾಚೆ ಶಾಂತವ್ವನ ಮನೆ. ನಮ್ಮದು ಆಕೆಯದು ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು. ಆಕೆಯ ಮುಂಬಾಗಿಲು ಬೇರೆ ಓಣಿಯಲ್ಲಿದೆ, ಸುತ್ತು ಹಾಕಿ ಬರಲು ಆಕೆಯ ಮಂಡಿ ಒಪ್ಪದು. ನಾನು ಪಾಟಿ ಹಿಡಿದು ಸಾಲಿಗೆ ಹೋಗುತ್ತಿದ್ದ ಕಾಲದಿಂದ ಈ ಇಬ್ಬರೂ ಸಂಜೆಯಾದರೆ ಗೋಡೆಯ ಆಚೆ ಈಚೆ ನಿಂತು ಮಾತಾಡಿದವರು. ಯಾರ ಸೊಸೆ ಬಾಣಂತನಕ್ಕೆ ಹೋದಳು, ಯಾರ ಮನೆಯ ಉಪ್ಪಿನಕಾಯಿಗೆ ಬೂಸಲು ಬಂತು, ಎಲ್ಲ ವಿಚಾರಣೆಯೂ ಆ ಗೋಡೆಯ ಬಳಿ ನಡೆದು ತೀರ್ಪಾಗುತ್ತಿತ್ತು. ಅವ್ವ ಬಿದ್ದ ಮೇಲೆ ಗೋಡೆಯ ಜಾಗಕ್ಕೆ ಫೋನು ಬಂತು. ಇಬ್ಬರೂ ಏಕಕಾಲಕ್ಕೆ ಒದರುವುದರಿಂದ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ನನ್ನ ಹೆಂಡತಿ ಗಿರಿಜಾ ವಿಡಿಯೋ ಕಾಲ್ ಹಚ್ಚಿಕೊಟ್ಟಳು. ಅವ್ವನಿಗೆ ಶಾಂತವ್ವನ ಮನೆಯ ಫ್ಯಾನು ಕಂಡಿತು, ಶಾಂತವ್ವನಿಗೆ ನಮ್ಮ ಅವ್ವನ ಕಿವಿ. ಎರಡು ದಿನಕ್ಕೆ ಅದೂ ನಿಂತಿತು. ಅವ್ವನ ಮಾತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು, ಅದು ನನಗೆ ಮುರಿದ ಎಲುಬಿಗಿಂತ ಹೆಚ್ಚಿನ ಚಿಂತೆಯಾಗಿತ್ತು.

ಆಗ ನನ್ನ ಮೊಬೈಲಿನಲ್ಲಿ ಡೆಕ್ಕಿನ ಚಿತ್ರವೊಂದು ಕಂಡಿತು. ಬಾಗಿಲಿನ ನೆಲಕ್ಕೆ ಸರಿಸಮನಾಗಿ, ಮೆಟ್ಟಿಲಿಲ್ಲದೆ, ತಗ್ಗಿಲ್ಲದೆ, ಕಟ್ಟಿಗೆಯ ಹಲಗೆಗಳು ಅಂಗಳದ ಮೇಲೆ ಚಾಚಿಕೊಂಡಿದ್ದವು. ಗೋಡೆಯವರೆಗೆ ಹೀಗೊಂದು ಮಾಡಿಸಿದರೆ ಅವ್ವ ಕಾಲೆತ್ತದೆಯೇ ಶಾಂತವ್ವನನ್ನು ಮುಟ್ಟಬಹುದು! ಬಿಸಿಲಿಗೆ ಕಲ್ಲಿನಂತೆ ಸುಡದು, ಚಳಿಗೆ ಕೊರೆಯದು. ಇಂಥ ಸರಳ ಉಪಾಯ ನನಗಲ್ಲದೆ ಬೇರೆ ಯಾರಿಗೆ ಹೊಳೆದೀತು ಎಂದು ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮುಂದಿನ ರವಿವಾರಗಳೆಲ್ಲ ದಾರುಶಾಸ್ತ್ರಕ್ಕೆ ಮೀಸಲಾದವು. ಕಿತ್ತೂರಿನ ಕಟ್ಟಿಗೆ ಅಡ್ಡೆಯಲ್ಲಿ ಹೊಸ ಸಾಗವಾನಿ ನೋಡಿದೆ, ಬಡಿದೆ, ಏನೂ ತಿಳಿಯದೆ ತಲೆದೂಗಿದೆ. ಹಲಗೆಯ ಅಂಚಿಗೆ ಬಿಳಿಯ ಪಟ್ಟಿಯಿತ್ತು, ಅದು ಮರದ ಎಳೆಯ ಭಾಗ, ಮಳೆಯಲ್ಲಿ ಮೊದಲು ಕೊಳೆಯುವುದು ಅದೇ ಎಂದು ಅಷ್ಟರಲ್ಲಿ ಓದಿಕೊಂಡಿದ್ದರಿಂದ ಬಿಟ್ಟು ಬಂದೆ. ಸವದತ್ತಿಯ ನಮ್ಮ ಸೋದರಮಾವ ಬೇವಿನ ಪಕ್ಷ. ಹುಳ ಹತ್ತುವುದಿಲ್ಲ ಎಂಬುದು ಅವರ ವಾದ. ನಿಜವೇ, ಆದರೆ ಅವರ ಮನೆಯದೇ ಬೇವಿನ ಬಾಗಿಲು ಮಳೆಗಾಲದಲ್ಲಿ ಸೊಟ್ಟಗಾಗಿ ಕಾರ್ತಿಕ ಮಾಸದವರೆಗೆ ಹಾಕಲು ಬಾರದ್ದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ದೊಡವಾಡದ ಗೆಳೆಯನೊಬ್ಬ ಜಾಲಿಯ ಗುಣಗಾನ ಮಾಡಿದ. ಚಕ್ಕಡಿ ಮಾಡುತ್ತಿದ್ದ ಕಟ್ಟಿಗೆ, ಮೊಳೆಯೇ ಬಾಗುವಷ್ಟು ಗಟ್ಟಿ. ಆದರೆ ಜಾಲಿಗಿಡ ನೆಟ್ಟಗೆ ಬೆಳೆದರಲ್ಲವೇ ಅದರ ಹಲಗೆ ನೆಟ್ಟಗಾಗುವುದು!

ಕಡೆಗೆ ಫಲ ಸಿಕ್ಕಿದ್ದು ರಾಮದುರ್ಗ ತಾಲೂಕಿನ ಕಟಕೋಳದಲ್ಲಿ. ಅಲ್ಲೊಂದು ಹಳೆಯ ಮನೆ ಇಳಿಸುತ್ತಿದ್ದರು, ಅದರ ತೊಲೆ, ಹಲಗೆ ಮಾರಾಟಕ್ಕಿದ್ದವು. ಹಳೆಯ ಸಾಗವಾನಿ, ಹಿಗ್ಗುವುದು ಕುಗ್ಗುವುದು ಎಲ್ಲ ಮುಗಿಸಿ ಶಾಂತವಾದ ಕಟ್ಟಿಗೆ. ಗೀಚಿದರೆ ಒಳಗೆ ಬೆಲ್ಲದ ಬಣ್ಣ, ಎಣ್ಣೆಯ ಘಮ. ಆ ರಾಶಿಯಲ್ಲಿ ಒಂದು ಹಲಗೆ ಉಳಿದವುಗಳಿಗಿಂತ ದಪ್ಪ, ಭಾರ. ಎರಡೂ ತುದಿಗೆ ಒಂದೊಂದು ದುಂಡನೆಯ ಕುಳಿ. ಹಳೆಯ ಬಾಗಿಲು ತಿರುಗುತ್ತಿದ್ದ ಕುಳಿ ಎಂದು ನನ್ನ ಜೊತೆ ಬಂದಿದ್ದ ಬಡಿಗೇರ ಈರಣ್ಣ ಹೇಳಿದ. ಅಷ್ಟು ಚೆಂದದ ಹಲಗೆಯನ್ನು ಮೂಲೆಗೆ ಹಾಕಲು ಮನಸ್ಸು ಬಾರದೆ, ಎಲ್ಲಕ್ಕಿಂತ ಮೊದಲು ಬಾಗಿಲ ಬುಡಕ್ಕೆ ಅದನ್ನೇ ಹಾಕುವುದೆಂದು ನಾನು ಅಲ್ಲೇ ನಿರ್ಣಯ ಮಾಡಿದೆ.

ಇನ್ನು ಹೊಳಪಿನ ಪ್ರಶ್ನೆ. ಈರಣ್ಣನಿಗೆ ಮಿಂಚದ ಕಟ್ಟಿಗೆ ಕಟ್ಟಿಗೆಯೇ ಅಲ್ಲ. "ಕನ್ನಡಿ ಮಾಡಿ ಕೊಡತೇನ್ರಿ ಸರ, ಮುಖಾ ನೋಡಿ ತಲಿ ಹಿಕ್ಕೋಬೇಕು ನೀವು" ಎಂದ. ಬಿದ್ದವಳಿಗೆ ಕನ್ನಡಿಯ ಮೇಲೆ ನಡೆ ಎನ್ನುವುದೇ? ಅವನ ಸಮಾಧಾನಕ್ಕೆ ಒಂದು ತುಂಡಿಗೆ ವಾರ್ನಿಶ್ ಹಚ್ಚಿಸಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆವು. ಯುಗಾದಿಗೆ ಇಟ್ಟದ್ದು ಬಸವಜಯಂತಿಯ ಹೊತ್ತಿಗೆ ಕರಿದ ಹಪ್ಪಳದಂತೆ ಗುಳ್ಳೆ ಎದ್ದು ಸುಲಿಯಿತು. ಆಮೇಲೆ ಕುದಿಸಿದ ಅಗಸಿ ಎಣ್ಣೆಯೇ ಸೈ ಎಂದಾಯಿತು. ಅರಿವೆಯಿಂದ ತೆಳ್ಳಗೆ ತಿಕ್ಕಬೇಕು, ಕುಡಿಯದೆ ಉಳಿದದ್ದನ್ನು ಒರೆಸಬೇಕು, ನೆರಳಲ್ಲಿ ಒಣಗಿಸಿ ಮತ್ತೆ ತಿಕ್ಕಬೇಕು. ನೀರು ಹೀರುವುದು ಕೊಯ್ದ ತುದಿಯಿಂದಲಾದ್ದರಿಂದ ಅಲ್ಲಿಗೆ ಇನ್ನೊಂದು ಕೈ ಹೆಚ್ಚು. ಈ ಸೇವೆಯನ್ನು ನಾನೇ ಕೈಯಾರೆ ಮಾಡಿದೆ. ಗಿರಿಜಾ ಅಡಿಗೆಮನೆಯಿಂದ ಇಣುಕಿ, "ರೊಟ್ಟಿಗೆ ಅಗಸಿ ಹಿಂಡಿ ಬೇಕಂದ್ರ ಮನ್ಯಾಗ ಅಗಸಿ ಇಲ್ಲ, ಇಲ್ಲಿ ಹಲಗಿಗೆ ಎಣ್ಣಿ ನೀರು ನಡದೈತಿ. ನನ್ನ ಬೆನ್ನಿಗೆ ಒಂದಿನಾನೂ ಹಿಂಗ ತಿಕ್ಕಲಿಲ್ಲ ನೋಡ್ರಿ" ಎಂದಳು. ನಾನು ಎಣ್ಣೆಯಲ್ಲಿ ತಲ್ಲೀನನಾದಂತೆ ನಟಿಸಿದೆ.

ಮೃಗಶಿರ ಮಳೆಗೆ ಮೊದಲೇ ಕಟ್ಟೆ ಸಿದ್ಧವಾಯಿತು. ಕೆಳಗೆ ಕಲ್ಲಿನ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಗಳ ನಡುವೆ ನೀರಿಳಿಯಲು ಪೆನ್ಸಿಲಿನಷ್ಟು ಸಂದು. ಬಾಗಿಲ ಬುಡದ ದಪ್ಪ ಹಲಗೆಯ ಕುಳಿಗಳಿಗೆ ಈರಣ್ಣ ದುಂಡನೆಯ ಬಿರಡೆ ಕೂರಿಸಿ, ಮೇಲೆ ಕೈಯಾಡಿಸಿದರೂ ತಿಳಿಯದಂತೆ ಸಮ ಮಾಡಿದ್ದ. ಒಳನೆಲ ಎಲ್ಲಿ ಮುಗಿಯಿತು, ಕಟ್ಟೆ ಎಲ್ಲಿ ಸುರುವಾಯಿತು ಎಂದು ಕಾಲಿಗೆ ಗೊತ್ತಾಗುವಂತಿರಲಿಲ್ಲ. ಅದೇ ನನ್ನ ಹೆಮ್ಮೆ.

ಅವ್ವ ಕೋಲೂರುತ್ತ ಬಾಗಿಲವರೆಗೆ ಬಂದಳು. ಕೆಳಗೆ ನೋಡಿದಳು. "ಚಲೋ ಆಗೇತಿ" ಎಂದಳು. ತಿರುಗಿ ಒಳಗೆ ಹೋದಳು.

ಹೆದರಿಕೆ ಎಂದುಕೊಂಡೆ. ಮರುದಿನ ಹಿಡಿದು ನಡೆಯಲು ಕಬ್ಬಿಣದ ಕಟಾಂಜನ ಹಾಕಿಸಿದೆ. "ಚಲೋ ಆಗೇತಿ." ರಬ್ಬರಿನ ಚಾಪೆ ಹಾಸಿದೆ. "ಚಲೋ ಆಗೇತಿ." ಕಡೆಗೆ ಒಂದು ಕೊಡ ನೀರು ಸುರುವಿ, ನೋಡು ಜಾರುವುದಿಲ್ಲ ಎಂದು ನಾನೇ ಅದರ ಮೇಲೆ ಕುಣಿದು ತೋರಿಸಿದೆ. ನನ್ನ ತೂಕದ ಮನುಷ್ಯ ಕುಣಿದರೂ ಮುರಿಯಲಿಲ್ಲವೆಂಬುದು ಕಟಕೋಳದ ಸಾಗವಾನಿಗೆ ಸಲ್ಲಬೇಕಾದ ಪ್ರಶಸ್ತಿ. ಸದ್ದಿಗೆ ಗೋಡೆಯಾಚೆಯಿಂದ ಶಾಂತವ್ವ, "ನೀಲವ್ವಾ, ಬಂದೇನಬೇ?" ಎಂದು ಅವ್ವನನ್ನು ಕೂಗಿದಳು. ಅವ್ವ ಬಾಗಿಲಲ್ಲೇ ನಿಂತಿದ್ದಳು. ನೀರಲ್ಲಿ ನೆನೆದ ಧೋತರ ಎತ್ತಿಕೊಂಡು ನಿಂತ ನನಗೆ ಅಳುವೇ ಬಂದಂತಾಯಿತು.

ಇಷ್ಟು ದಿನ ನಾವ್ಯಾರೂ ಮಾಡದ ಕೆಲಸವನ್ನು ಅಂದು ಗಿರಿಜಾ ಮಾಡಿದಳು, ನೇರವಾಗಿ ಕೇಳಿದಳು. "ಅತ್ತಿ, ಯಾಕ ಹೋಗವಲ್ರಿ? ಕಾಲು ನೋಯತೈತೇನ್ರಿ, ಅಂಜಿಕಿ ಬರತೈತೇನ್ರಿ?"

ಅವ್ವ ಕೋಲಿನ ತುದಿಯಿಂದ ಬಾಗಿಲ ಬುಡದ ಹಲಗೆಯನ್ನು ತೋರಿಸಿದಳು. "ಅದು ಹೊಸ್ತಲಾ ಅಲ್ಲೇನ? ಬಾಗಲಾ ತಿರಗೂ ಕುಣಿ ಮುಚ್ಯಾರ, ನನಗ ಕಣ್ಣ ಕಾಣತಾವ. ಹೊಸ್ತಲಾ ತುಳದು ಹೆಂಗ ಹೋಗಲಿ?"

ನಾನು ಮೇಷ್ಟರ ವರಸೆ ತೆಗೆದೆ. "ಅವ್ವಾ, ಅದು ಕಟಕೋಳದಾಗಿದ್ದಾಗ ಹೊಸ್ತಲಾ. ಈಗ ಅದು ಬರೇ ಹಲಗಿ."

"ನೀ ಕಟಕೋಳಕ್ಕ ಹೋದರ ನನ್ನ ಮಗಾ ಅಲ್ಲೇನ? ಯಾರ ಮನೀದೋ ಏನೋ. ಎಷ್ಟ ಸೊಸ್ತೇರು ಅದನ್ನ ದಾಟಿ ಒಳಗ ಬಂದಾರೋ, ಎಷ್ಟ ಮಂದಿ ಅರಿಷಿಣಾ ಕುಂಕಮಾ ಹಚ್ಚ್ಯಾರೋ. ಪ್ರೀತಿಲೆ ಮಾಡಿಸಿದಿ ಅಂತ ನಾ ಬಾಯಿ ಬಿಡಲಿಲ್ಲ."

ಓದುಗರೇ, ಹೊಸ್ತಿಲ ಮೇಲೆ ಕೂತದ್ದಕ್ಕೆ, ನಿಂತು ಸೀನಿದ್ದಕ್ಕೆ, ಅದರ ಈಚೆಯಿಂದ ಆಚೆಗೆ ಹಣ ಕೊಟ್ಟಿದ್ದಕ್ಕೆ ಚಿಕ್ಕಂದಿನಲ್ಲಿ ಇದೇ ಅವ್ವನ ಕೈಯಿಂದ ಬೆನ್ನು ಬಿಸಿ ಮಾಡಿಸಿಕೊಂಡವನು ನಾನು. ಕುಳಿಯ ಅರ್ಥ ಗೊತ್ತಿತ್ತು, ಹಲಗೆಯ ಹೆಸರೂ ಗೊತ್ತಿತ್ತು. ಆದರೆ ಎಳೆ, ಬಣ್ಣ, ಎಣ್ಣೆಯ ಚಿಂತನೆಯಲ್ಲಿ ಮುಳುಗಿದ್ದ ನನಗೆ ಅದರ ಮೇಲೆ ಅವ್ವನ ಪಾದ ಬೀಳಬೇಕಾಗುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ.

ಹಲಗೆ ಕಿತ್ತು ಬೇರೆಯದು ಹಾಕಿದರಾಯಿತು ಎಂದೆ. ಗಿರಿಜಾ ಒಪ್ಪಲಿಲ್ಲ. ನಮ್ಮದು ಸಿಮೆಂಟಿನ ಮನೆ, ಹಿತ್ತಲ ಬಾಗಿಲಿನ ಚೌಕಟ್ಟಿಗೆ ಮೂರೇ ಕಡೆ ಕಟ್ಟಿಗೆ, ಕೆಳಗೆ ಹೊಸ್ತಿಲೇ ಇಲ್ಲ. ಅದನ್ನೇ ಅಲ್ಲಿ ಹೊಸ್ತಿಲಾಗಿ ಇಡೋಣ ಎಂದಳು. ಅಂದರೆ ನೆಲದಿಂದ ಮೇಲೆ ಎದ್ದು ನಿಲ್ಲುವಂತೆ, ಅವ್ವ ಕಾಲೆತ್ತಿ ದಾಟುವಂತೆ! ಸೊಂಟ ಮುರಿದುಕೊಂಡವಳ ಹಾದಿಯಲ್ಲಿ ಎಡವಲು ಒಂದು ಕಟ್ಟಿಗೆ. ಇಡೀ ಬೇಸಿಗೆ ನಾನು ತಗ್ಗು ದಿನ್ನೆ ಸಮ ಮಾಡಿದ್ದು ಇದಕ್ಕೇನು ಎಂದು ಕೂಗಾಡಿದೆ. ಅವ್ವ ಒಂದೇ ಮಾತು ಹೇಳಿದಳು: "ಇಡ್ರಿ. ದಾಟೂದು ನನಗ ಬರತೈತಿ."

ಈರಣ್ಣ ಮತ್ತೆ ಬಂದ. ಬಿರಡೆ ಕಿತ್ತ, ಕುಳಿ ತೆರೆದ, ಕಟ್ಟೆಗೂ ಮನೆಗೂ ನಡುವೆ ಹಲಗೆಯನ್ನು ಎರಡು ಬೆರಳು ಎತ್ತರಕ್ಕೆ ಬಿಗಿದು ಕೂರಿಸಿದ. ಗಿರಿಜಾ ಅದಕ್ಕೆ ಅರಿಷಿಣ ಬಳಿದು ಕುಂಕುಮವಿಟ್ಟಳು. ನಾನು ಮೂರು ಸಲ ತಿಕ್ಕಿದ್ದ ಅಗಸಿ ಎಣ್ಣೆಯ ಮೇಲೆ ಅರಿಷಿಣ ಚೆನ್ನಾಗಿ ಹಿಡಿಯಿತು.

ಸಂಜೆ ಅವ್ವ ಬಂದಳು. ನಾನು ಆಚೆ ಬದಿಗೆ ಎರಡೂ ಕೈ ಚಾಚಿ ಕಬಡ್ಡಿ ಆಟಗಾರನಂತೆ ಬಗ್ಗಿ ನಿಂತಿದ್ದೆ. "ಆಚೆ ಸರಿ, ನೀನ ಬಿದ್ದು ನನ್ನ ಬೀಳಸೀಯಾ" ಎಂದಳು. ಕೋಲನ್ನು ಗಿರಿಜಾಳ ಕೈಗೆ ಕೊಟ್ಟಳು. ಎಡಗೈ ಚೌಕಟ್ಟಿಗೆ ಹೋಯಿತು, ಯಾರೂ ಹೇಳಿಕೊಡದೆ. ಹುಟ್ಟಿದಾರಭ್ಯ ಹೊಸ್ತಿಲು ಕಂಡಾಗಲೆಲ್ಲ ಹೋದಂತೆಯೇ. ತುಸು ಬಾಗಿ ಬಲಗೈಯಿಂದ ಹೊಸ್ತಿಲಿನತ್ತ ತೋರಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಬಲಗಾಲು, ಡಾಕ್ಟರ ಎದುರಿಗೆ ಎಂದೂ ಎತ್ತದಷ್ಟು ಎತ್ತರಕ್ಕೆ ಎದ್ದು, ಅರಿಷಿಣಕ್ಕೆ ತಾಗದೆ, ಆಚೆ ಹಲಗೆಯ ಮೇಲೆ ಇಳಿಯಿತು. ಎಡಗಾಲು ಅದರ ಹಿಂದೆ ಬಂತು. ಪ್ರೀತಿಯೆಂದರೆ ದಾರಿಯನ್ನು ಸಪಾಟು ಮಾಡಿಕೊಡುವುದೆಂದು ನಾನು ನಂಬಿದ್ದೆ. ದಾಟಲು ಒಂದಿಷ್ಟು ಬಿಡುವುದೂ ಪ್ರೀತಿಯೇ ಇರಬಹುದೆಂದು ಆಗ ಅನ್ನಿಸಿತು, ಸಂತೋಷಕ್ಕೆ ಕಣ್ಣು ತುಂಬಿ ಬಂತು.

ಅವ್ವ ನನ್ನ ಕಡೆ ನೋಡಲಿಲ್ಲ. ಕಟಾಂಜನ ಹಿಡಿದುಕೊಂಡು ನೆಟ್ಟಗೆ ಗೋಡೆಯ ಬಳಿ ಹೋಗಿ, ಉಸಿರು ಕೂಡಿಸಿಕೊಂಡು ಕೂಗಿದಳು. "ಶಾಂತವ್ವಾ, ಅದೀಯೇನಬೇ?"

ಆಚೆಗೆ ಬೋಗುಣಿಯೊಂದು ಬಿದ್ದ ಸದ್ದಾಯಿತು. ಹೆಜ್ಜೆ ಎಳೆದು ಎಳೆದು ಗೋಡೆಯ ಹತ್ತಿರ ಬಂತು. "ಯವ್ವಾ, ಬಂದೇನ ನೀಲವ್ವಾ! ಎಷ್ಟ ತಡಾ ಮಾಡಿದಿಬೇ! ವರ್ಷ ಆತಲ್ಲ!"

"ಏನ ಮಾಡಲಿಬೇ" ಎಂದಳು ಅವ್ವ, "ನಮ್ಮ ಬಾಗಲಕ್ಕ ಹೊಸ್ತಲಾನ ಇರಲಿಲ್ಲ."