ಗಾಜಿನೊಳಗಿನ ಇಬ್ಬರು

ನೀಲಕ್ಕ, ನಿಮ್ಮ ಟೀವಿಯ ಗಾಜಿನೊಳಗೆ ಯಾರೂ ನಿಂತಿರಲಿಲ್ಲ. ನಿಮ್ಮ ಮಾವನವರೂ ಅಲ್ಲ, ಅವರ ಎದುರಿಗೆ ಕಾಣುತ್ತಿದ್ದ ಆ ಇನ್ನೊಬ್ಬರೂ ಅಲ್ಲ. ಆ ಎರಡು ಗುರುತುಗಳನ್ನು ಅಲ್ಲಿ ಸುಟ್ಟು ಮೂಡಿಸಿದವನು ನಾನು — ರಿಪೇರಿ ಬೀರಪ್ಪ. ನಿಮ್ಮ ಪಡಸಾಲೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತ ಕುಳಿತಾಗ ನನಗೆ ಗೊತ್ತಿತ್ತು. ಗೊತ್ತಿಲ್ಲ ಅಂದಿದ್ದರೂ ನಿಮಗೊಂದು ದಾರಿ ಉಳಿಯುತ್ತಿತ್ತು. ನಾನು ಅಂದದ್ದು ಅದಕ್ಕಿಂತ ಕೆಟ್ಟದ್ದು.

ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಇದನ್ನು ನಿಮಗೆ ಯಾರೂ ಹೇಳಿಲ್ಲ. ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ.

ಟೀವಿ ಇಚಲಕರಂಜಿಗೆ ಬಂದು ಆಗಿನ್ನೂ ಬಹಳ ದಿನವಾಗಿರಲಿಲ್ಲ. ಅದನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲವರು ಊರಲ್ಲಿ ನಾಲ್ಕೈದು ಜನ. ನಾನು ಕುರಿ ಕಾಯುವ ಮನೆಯವನು; ನಮ್ಮ ಮನೆತನದಲ್ಲಿ ಕೈಗೆ ಕೋಲಿನ ಬದಲು ಸ್ಕ್ರೂಡ್ರೈವರ್ ಹಿಡಿದ ಮೊದಲನೆಯವನು. ಕೊಲ್ಲಾಪುರದ ಒಂದು ರೇಡಿಯೋ ಅಂಗಡಿಯಲ್ಲಿ ಆರು ವರ್ಷ ಕೆಲಸ ಕಲಿತು, ಕಬನೂರ ರಸ್ತೆಯಲ್ಲಿ ಒಂದು ಖೋಲಿ ಹಿಡಿದು ಅಂಗಡಿ ಹಾಕಿದ್ದೆ. ಜನ ನನ್ನ ಮಾತನ್ನು ಡಾಕ್ಟರರ ಮಾತಿನಂತೆ ಕೇಳುತ್ತಿದ್ದರು. ಆ ಮರ್ಯಾದೆ ನನಗೆ ಬಹಳ ರುಚಿಸಿತ್ತು — ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಿಮ್ಮ ಮದುವೆಯಲ್ಲಿ ಮಹಾಗಾಂವದಿಂದ ನಿಮ್ಮ ತಂದೆ ಕೊಟ್ಟ ಕಪ್ಪುಬಿಳುಪು ಟೀವಿ ಅದು. ಮದುವೆಯಾಗಿ ಆರು ತಿಂಗಳಿಗೆ ನಿಮ್ಮ ಮಾವನವರು ತೀರಿಕೊಂಡರು. ಅದೇ ವಾರದಲ್ಲಿ ಟೀವಿಯ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳತೊಡಗಿತ್ತು. ನಿಮ್ಮ ಗಂಡ ಶಿವಾನಂದಣ್ಣ ಅದನ್ನು ಕೈಗಾಡಿಯ ಮೇಲೆ ತಂದು ಇಳಿಸಿ, ದುಃಖದ ಮನೆ, ಒಂದು ತಿಂಗಳು ಯಾರೂ ಟೀವಿ ನೋಡುವುದಿಲ್ಲ, ಸಾವಕಾಶ ಮಾಡು ಎಂದು ಹೇಳಿ ಹೋದರು. ಒಂದು ಸಣ್ಣ ಕೆಪಾಸಿಟರ್ ಬದಲಿಸಿದೆ. ಚಿತ್ರ ನಿಂತಿತು. ಅರ್ಧ ದಿನದ ಕೆಲಸ. ಅಂದೇ ನಿಮ್ಮ ಮನೆಗೆ ಮುಟ್ಟಿಸಿದ್ದರೆ —

ಮುಟ್ಟಿಸಲಿಲ್ಲ. ಅದೇ ಹೊತ್ತಿಗೆ ಕೊಲ್ಲಾಪುರದ ಗಿರಾಕಿಯೊಬ್ಬರು, ಹಡಗಿನ ಮೇಲೆ ನೌಕರಿ ಮಾಡುವವರು, ಒಂದು ಪೆಟ್ಟಿಗೆ ಕೊಟ್ಟು ಹೋಗಿದ್ದರು. ಟೀವಿ ಗೇಮ್ ಅಂದರು. ಊಟದ ಡಬ್ಬಿಯಷ್ಟು ದೊಡ್ಡದು. ಅದರಿಂದ ಹೊರಟ ಎರಡು ವೈರುಗಳ ತುದಿಗೆ ತಿರುಗಿಸುವ ಒಂದೊಂದು ನಾಬ್. ಟೀವಿಯ ಆಂಟೆನಾ ಹಚ್ಚುವ ಜಾಗಕ್ಕೆ ಜೋಡಿಸಿದರೆ ಪರದೆಯ ಎಡಕ್ಕೊಂದು, ಬಲಕ್ಕೊಂದು ನೆಟ್ಟಗೆ ನಿಂತ ಬಿಳಿ ಪಟ್ಟಿ, ನಡುವೆ ತುಂಡು ತುಂಡಾದ ಒಂದು ಗೆರೆ, ಆಚೆ ಈಚೆ ಓಡುವ ಒಂದು ಚೆಂಡು. ನಾಬ್ ತಿರುಗಿಸಿ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಚೆಂಡನ್ನು ಹೊಡೆಯಬೇಕು. ಅಷ್ಟೇ ಆಟ. ಎಡಗಡೆಯ ಪಟ್ಟಿ ಥರಥರ ನಡುಗುತ್ತದೆ ಎನ್ನುವುದು ಅವರ ತಕರಾರು. ನಾಬಿನೊಳಗೆ ಧೂಳು ಕೂತರೆ ಹಾಗಾಗುತ್ತದೆ. ಸ್ಪಿರಿಟಿನಿಂದ ಒರೆಸಿದೆ, ನಡುಕ ಹೋಯಿತು. ಅವರು ಹಡಗಿನಿಂದ ಮರಳುವುದಕ್ಕೆ ಇನ್ನೂ ತಿಂಗಳಿತ್ತು. ಪೆಟ್ಟಿಗೆ ನನ್ನ ಕೈಯಲ್ಲಿ, ನಿಮ್ಮ ಟೀವಿ ನನ್ನ ಮೇಜಿನ ಮೇಲೆ.

ಆಟ ಇಬ್ಬರದು, ನಾನೊಬ್ಬನೇ. ಬಲಗೈಗೊಂದು ನಾಬ್, ಎಡಗೈಗೊಂದು. ಇಪ್ಪತ್ತಾರು ವರ್ಷದ ಗಂಡಸು ತನ್ನ ಎರಡು ಕೈಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿಕೊಂಡು ಕೂತಿದ್ದೆ. ಗಿರಾಕಿ ಬಂದರೆ ಮೇಲೆ ಟವೆಲ್ ಎಳೆಯುತ್ತಿದ್ದೆ. ಬೇರೆ ಕೆಲಸ ಮಾಡುವಾಗಲೂ ಬಂದ್ ಮಾಡದೆ, ಪಟ್ಟಿಗಳನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಬಿಡುತ್ತಿದ್ದೆ. ಖೋಲಿಗೆ ರಸ್ತೆಯ ಬೆಳಕು ನೇರವಾಗಿ ಬೀಳುತ್ತಿತ್ತೆಂದು ಪರದೆಯ ಬೆಳಕನ್ನು ಪೂರ್ತಿ ಏರಿಸಿಟ್ಟಿದ್ದೆ. ಹೊರಗೆ ಮಗ್ಗಗಳ ಖಟಖಟ, ಒಳಗೆ ಚೆಂಡಿನ ಟಕ್, ಟಕ್. ಆಟ ಮುಗಿದ ಮೇಲೂ ಚೆಂಡು ನಿಲ್ಲುತ್ತಿರಲಿಲ್ಲ; ನಿಂತ ಪಟ್ಟಿಗಳೊಳಗಿಂದ, ಅವು ಅಲ್ಲಿಲ್ಲವೇನೋ ಎಂಬಂತೆ, ಹಾದುಹೋಗುತ್ತಿತ್ತು.

ಹನ್ನೆರಡನೆಯದೋ ಹದಿಮೂರನೆಯದೋ ದಿನದಿಂದ ಎಡಗೈ ಗೆಲ್ಲತೊಡಗಿತು. ನಾನು ಬಲಗೈಯವನು, ನೀಲಕ್ಕ. ಎಡಗೈಯಿಂದ ಒಂದು ಸ್ಕ್ರೂ ಸಹ ಬಿಗಿಯಲಾರೆ. ಒಂದು ಮಧ್ಯಾಹ್ನ ಆ ಕೈಯನ್ನು ನಾಬಿನಿಂದ ತೆಗೆದು ಚಹಾದ ಕಪ್ಪು ಹಿಡಿದಿದ್ದೆ. ಎಡಗಡೆಯ ಪಟ್ಟಿ ತಾನಾಗಿ ಮೇಲೆ ಸರಿದು ಚೆಂಡನ್ನು ಹೊಡೆಯಿತು. ಧೂಳು ಇನ್ನೂ ಉಳಿದಿರಬೇಕೆಂದು ಬಿಚ್ಚಿ ನೋಡಿದೆ. ಧೂಳಿರಲಿಲ್ಲ. ಮತ್ತೆ ಜೋಡಿಸಿದೆ. ಮತ್ತೆ ಆಡಿದೆ. ಅದು ಏನಾಗಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ — ಆದರೆ ಇದನ್ನು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ನಿಮ್ಮ ಗಾಜಿನ ಮೇಲೆ ಆದದ್ದೇನೆಂದು ಮಾತ್ರ ಚೆನ್ನಾಗಿ ಗೊತ್ತು.

ಪಿಕ್ಚರ್ ಟ್ಯೂಬಿನ ಒಳಮೈಗೆ ಒಂದು ಪುಡಿ ಬಳಿದಿರುತ್ತದೆ. ಚಿತ್ರ ಬೆಳಗುವುದು ಅದರಿಂದ. ಒಂದೇ ಬೆಳಕು ಒಂದೇ ಜಾಗದಲ್ಲಿ ದಿನಗಟ್ಟಲೆ ನಿಂತರೆ ಆ ಪುಡಿ ಸುಟ್ಟು ಕಲೆ ಉಳಿಯುತ್ತದೆ. ಓಡುತ್ತಿದ್ದ ಚೆಂಡು ಕಲೆ ಮಾಡಲಿಲ್ಲ. ನಿಂತಲ್ಲೇ ನಿಂತಿದ್ದವು ಮಾಡಿದವು — ಎರಡು ಪಟ್ಟಿ, ನಡುವಿನ ಗೆರೆ. ತಿಂಗಳು ಮುಗಿದು ಟೀವಿ ಬಂದ್ ಮಾಡಿದ ದಿನ, ಬೆಳಗಿನ ಬಿಸಿಲಲ್ಲಿ, ಬರಿಯ ಗಾಜಿನಲ್ಲೇ ಅವು ಮಸುಕಾಗಿ ಕಂಡವು. ಬಟ್ಟೆಯಿಂದ ತಿಕ್ಕಿದೆ. ಒಳಗಿನ ಕಲೆ ಹೊರಗಿನಿಂದ ಹೋಗುತ್ತದೆಯೇ? ಯಾರ ಕಣ್ಣಿಗೂ ಬೀಳಲಿಕ್ಕಿಲ್ಲವೆಂದು ನನಗೆ ನಾನೇ ಹೇಳಿಕೊಂಡು ನಿಮ್ಮ ಮನೆಗೆ ಮುಟ್ಟಿಸಿದೆ.

ಮೂರನೆಯ ದಿನ ಕರೆ ಬಂತು. ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಮನೆಯವರೆಲ್ಲ ಸೇರಿದ್ದರು. ಟೀವಿ ಹಚ್ಚಿತ್ತು. ಸುದ್ದಿ ಓದುವವರ ಮುಖದ ಆಚೆ ಈಚೆ ಆ ಇಬ್ಬರು ನಿಂತಿದ್ದರು. ನಿಮ್ಮ ಅತ್ತೆ ಗಂಗವ್ವನವರು ಗಾಜಿನ ಹತ್ತಿರ ಕೂತು, ಬೆರಳಿಂದ ತೋರಿಸಿ, ಮೆಲ್ಲಗೆ ಅಂದರು: "ನಡುವಿಂದು ಹೊಸ್ತಿಲ. ಆ ಕಡಿ ನಮ್ಮನಿಯವ್ರು ನಿಂತಾರ. ಈ ಕಡಿ ಇರೋರನ್ನ ಕರಿಯಾಕತ್ತಾರ. ಯಾರನ್ನ ಕರಿಯಾಕತ್ತಾರ, ಬೀರಪ್ಪ?"

ಅವರು ನೋಡಿದ್ದು ಶಿವಾನಂದಣ್ಣನ ಕಡೆ. ಆ ಪಡಸಾಲೆ ತಣ್ಣಗಾದದ್ದು ನನ್ನ ಬೆನ್ನಿಗೆ ಇನ್ನೂ ನೆನಪಿದೆ. ಅಷ್ಟು ಜನರಲ್ಲಿ ಹೆದರದೆ ನಿಂತವರು ನೀವೊಬ್ಬರೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಿರಿ: "ಇದು ಮಷೀನ್ದ ಖೋಡಿ ಐತ್ರಿ ಅತ್ತಿ. ರಿಪೇರಿಯವ್ರು ಬಂದಾರ, ಅವ್ರನ್ನಽ ಕೇಳ್ರಿ. ಅವ್ರು ಹೇಳಿದ್ದು ನಾ ಒಪ್ಕೋತೇನಿ."

ನಿಜವನ್ನು ನೀವು ಮೊದಲೇ ಕಂಡುಹಿಡಿದು ನನ್ನ ಕೈಗಿಟ್ಟಿದ್ದಿರಿ. ನಾನು ಹೌದು ಎನ್ನಬೇಕಿತ್ತು, ಅಷ್ಟೇ. ಆದರೆ ಹೌದು ಎಂದರೆ ಹೇಗಾಯಿತೆಂದು ಕೇಳುತ್ತಾರೆ. ಗಿರಾಕಿಯ ಟೀವಿಯ ಮೇಲೆ, ಇನ್ನೊಬ್ಬ ಗಿರಾಕಿಯ ಆಟದ ಸಾಮಾನು ಹಚ್ಚಿ, ಸಾವಾದ ಮನೆಯವರ ವಸ್ತುವಿನೊಂದಿಗೆ ಒಂದು ತಿಂಗಳು ಆಡುತ್ತ ಕೂತಿದ್ದೆ ಎಂದು ಹೇಳಬೇಕಾಗುತ್ತದೆ. ಹಿಂದಿನ ಮುಚ್ಚಳ ತೆಗೆದೆ. ಸುಮ್ಮನೆ ನಾಲ್ಕು ಕಡೆ ಮೀಟರ್ ಹಚ್ಚಿ ನೋಡಿದೆ. ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಹೇಳಿದೆ:

"ಮಷೀನ್ದಾಗ ಏನೂ ದೋಷ ಇಲ್ರಿ."

ನೀವು ನನ್ನನ್ನೇ ನೋಡಿದಿರಿ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದು ತಮ್ಮದೇ ಇರಬಹುದೇ ಎಂದು ಹುಡುಕುವವರ ನೋಟ ಅದು.

ಮರುದಿನ ಶಿವಾನಂದಣ್ಣ ಒಬ್ಬರೇ ಅಂಗಡಿಗೆ ಬಂದರು. ಸೊಸೆಯ ಕಾಲ್ಗುಣದಿಂದ ಮಾವ ಹೋದ, ಈಗ ಅವಳ ತವರಿನ ವಸ್ತುವಿನಲ್ಲಿ ನಿಂತು ಮಗನನ್ನು ಕರೆಯುತ್ತಿದ್ದಾನೆ ಎಂದು ಅವ್ವ ಅನ್ನ ಬಿಟ್ಟು ಕೂತಿದ್ದಾಳೆಂದರು. ನೀನು ಒಂದು ಮಾತು ಹೇಳಿದರೆ ನಾನು ಅವ್ವನಿಗೆ ತಿಳಿಸಿ ಹೇಳುತ್ತೇನೆ, ಖರೆ ಹೇಳು ಎಂದು ಎರಡು ಸಲ ಕೇಳಿದರು. ಅವರ ಬೆನ್ನ ಹಿಂದೆ, ಹಲಗೆಯ ಮೇಲೆ, ಟವೆಲ್ ಮುಚ್ಚಿದ ಆ ಪೆಟ್ಟಿಗೆ ಇತ್ತು. ನಾನು ನಿನ್ನೆಯ ಮಾತನ್ನೇ ಮತ್ತೆ ಹೇಳಿದೆ.

ವಾರದೊಳಗೆ ನೀವೂ ಟೀವಿಯೂ ಒಂದೇ ಜೀಪಿನಲ್ಲಿ ಮಹಾಗಾಂವಕ್ಕೆ ಹೋದಿರಿ. ನಾಲ್ಕು ದಿನ ತವರಲ್ಲಿ ಇದ್ದು ಬರಲಿ ಎಂದು ಕಳಿಸಿದವರು ಕರೆಯಲು ಬರಲಿಲ್ಲ. ಎರಡು ವರ್ಷಕ್ಕೆ ಶಿವಾನಂದಣ್ಣನ ಇನ್ನೊಂದು ಮದುವೆಯಾಯಿತು. ಆ ಪೆಟ್ಟಿಗೆಯನ್ನು ನಾನು ಎಂದೋ ಅದರ ಯಜಮಾನರಿಗೆ ಕೊಟ್ಟು ಕೈತೊಳೆದುಕೊಂಡಿದ್ದೆ. ಅವರು ಆಡಿ ನೋಡಿ, "ಛಾನ್ ಝಾಲಂ," ಎಂದು ಮೆಚ್ಚಿಕೊಂಡು ಹೋದರು.

ಇಲ್ಲಿಗೇ ನಿಂತಿದ್ದರೆ ನನ್ನ ತಪ್ಪಿಗೆ ಒಂದು ಅಳತೆ ಇರುತ್ತಿತ್ತು. ಆದರೆ ಆ ಮದುವೆಯ ಮರುವರ್ಷ ನಾನು ಮಹಾಗಾಂವಕ್ಕೆ ಬಂದೆ. ಪಂಚಾಯತಿಯ ಟೀವಿ ಕೆಟ್ಟಿತ್ತು. ಕೆಲಸ ಮುಗಿಸಿ ಹೊರಟಾಗ ನಿಮ್ಮ ತಂದೆ ಕಂಡು, ಬೇಡವೆಂದರೂ ಬಿಡದೆ ಊಟಕ್ಕೆ ಕರೆದೊಯ್ದರು. ಒಳಗಿನ ಖೋಲಿಯಲ್ಲಿ ನೀವು ಹೊಲಿಗೆ ಮಷೀನಿನ ಮುಂದೆ ಕೂತಿದ್ದಿರಿ. ಎದುರಿಗೆ ಆ ಟೀವಿ. ಹಚ್ಚಿರಲಿಲ್ಲ, ಅದರ ವೈರು ಸುತ್ತಿ ಕಟ್ಟಿತ್ತು. ಗಾಜಿನ ಮೇಲೆ ವಿಭೂತಿಯ ಮೂರು ಗೆರೆ, ಮುಂದೊಂದು ಹೂವು. ಕಿಟಕಿಯ ಬಿಸಿಲು ಬಿದ್ದು ಆ ಇಬ್ಬರೂ ನಿಚ್ಚಳವಾಗಿ ಕಾಣುತ್ತಿದ್ದರು.

ನಾನು ಹೇಳಬೇಕೆಂದೇ ಬಾಯಿ ತೆರೆದೆ — ಇದನ್ನು ನೀವು ನಂಬದಿದ್ದರೂ ಸರಿಯೇ. ಅಷ್ಟರಲ್ಲಿ ನೀವೇ ಅಂದಿರಿ:

"ಅವತ್ತ ನೀವು ಖರೇನಽ ಹೇಳಿದ್ರಿ, ಬೀರಪ್ಪಣ್ಣ. ನಾನಽ ಸುಮ್ನ ಹಟ ಮಾಡಿದ್ನಿ. ಈಗ ನನಗೂ ಕಾಣ್ತಾರ. ಆ ಕಡಿ ಇದ್ದಾವ್ರು ಮಾವನಾರು. ಈ ಕಡಿ ನಿಂತಾಕಿ ನಾನು. ದಿನಾ ಸ್ವಲ್ಪ ಸ್ವಲ್ಪ ಹೊಸ್ತಿಲದ ಹತ್ರ ಸರಿಯಾಕತ್ತೇನಿ, ನೋಡ್ರಿ."

ಹೇಳುವಾಗ ನೀವು ನಕ್ಕಿರಿ. ಎಲ್ಲರೂ ಹೆದರಿದಾಗ ಹೆದರದಿದ್ದ ಒಂದು ಬುದ್ಧಿ ಅಂದು ಆ ಪಡಸಾಲೆಯಲ್ಲಿ ಇತ್ತು. ಅದನ್ನೂ ನಾನು ತೆಗೆದುಕೊಂಡಿದ್ದೆ. ನನ್ನನ್ನು ಹೆದರಿಸಿದ್ದು ಬೇರೆ — ನಾನು ಗಾಜಿನತ್ತ ಕಣ್ಣು ತಿರುಗಿಸಿದೆ. ಅಳೆದು ನೋಡಿದೆ, ನೀಲಕ್ಕ. ಪಟ್ಟಿ ಸರಿದಿದೆಯೇ ಎಂದು. ಸುಟ್ಟವನೇ ನಾನು, ಸುಟ್ಟ ಕಲೆ ಸರಿಯುವುದಿಲ್ಲವೆಂದು ಬಲ್ಲವನು — ಆದರೂ ಅಳೆದೆ. ಊಟ ಮಾಡಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಸುಳ್ಳು ಹೇಳಿ ಚೀಲ ಎತ್ತಿಕೊಂಡು ಗಡಹಿಂಗ್ಲಜದವರೆಗೆ ನಡೆದೇ ಹೋದೆ.

ಆಮೇಲೆ ಇಷ್ಟು ವರ್ಷ. ಗಂಗವ್ವನವರು ಅದನ್ನೇ ನಂಬಿಕೊಂಡು ತೀರಿಕೊಂಡರು. ಕಬನೂರ ರಸ್ತೆಯ ಅಂಗಡಿ ಮುಚ್ಚಿದೆ.

ಹೋದ ವಾರ ಶಿವಾನಂದಣ್ಣನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರಿಗೆ ಈಗ ಮೊಮ್ಮಕ್ಕಳು. ಕಣ್ಣು ಮಂದವಾಗಿವೆ. ಬಯ್ಯುತ್ತಾರೆ, ಎದ್ದು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಒಂದೇ ಮಾತಾಡಿದರು: "ನೀ ಅವತ್ತ ಹೇಳಿದ್ರ ನಾ ಅವ್ವನ ಮುಂದ ನಿಲ್ತಿದ್ನೋ ಇಲ್ಲೋ, ನನಗೂ ಗೊತ್ತಿಲ್ಲ ಬೀರಪ್ಪ. ಆದ್ರ ಕೇಳಾಕ ಬಂದಿದ್ನಿ." ಆಮೇಲೆ ಮುಖ ಆ ಕಡೆ ತಿರುಗಿಸಿ ಕೂತರು. ನಾನು ಎದ್ದು ಬಂದೆ.

ನಾನು ಬರುವ ಮೊದಲೇ ಈ ಕಾಗದವನ್ನು ನಿಮಗೆ ಕಳಿಸುತ್ತಿದ್ದೇನೆ. ನೀವು ಒಬ್ಬರೇ ಓದಿ ಮುಗಿಸಬಹುದು, ನನ್ನ ಮುಖ ಎದುರಿಗಿಲ್ಲದಾಗ ಸಿಟ್ಟಾಗಬಹುದು, ಅಳಬಹುದು ಎಂದು. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದ್ದೇನೆ; ನಿಮ್ಮ ಅಣ್ಣತಮ್ಮಂದಿರಿಗೆ, ಊರಿನವರಿಗೆ, ಯಾರಿಗೆ ಬೇಕಾದರೂ ಓದಿ ಹೇಳಿ. ಬರುವ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಮಹಾಗಾಂವಕ್ಕೆ ಬರುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ, ಅದನ್ನು ಕೇಳುವ ಬಾಯಿ ನನಗಿಲ್ಲ. ಬರೆದದ್ದನ್ನು ನಿಮ್ಮೆದುರಿಗೆ ನಿಂತು ಬಾಯಿಬಿಟ್ಟು ಹೇಳುವುದು ಬಾಕಿ ಇದೆ. ಬಾಗಿಲು ತೆರೆಯುವುದು, ಬಿಡುವುದು ನಿಮಗೆ ಬಿಟ್ಟದ್ದು. ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ.

— ಬೀರಪ್ಪ