ಬಸವಣ್ಣನ ಕಟ್ಟೆಗೆ ನೂರ ಒಂಬತ್ತು ಮೀಟರ್

...ಅಲ್ಲ, ಹುಲ್ಲು ಬೆಳೆದದ್ದು ಪತ್ರ ಬಂದ ಮೇಲೆಯೇ ಇರಬೇಕು. ಅದೊಂದು ಖಚಿತ ಎಂದುಕೊಂಡು ಬರೆಯಲು ಕೂತೆ, ಬರೆಯುತ್ತಿದ್ದ ಹಾಗೆ ಅದೂ ಸಡಿಲವಾಯಿತು. ಅಬಕಾರಿಯವರ ಪತ್ರ ಯಾವತ್ತು ಬಂತು ಎಂಬುದು ಅದರ ಮೇಲಿನ ಮೊಹರಿನಲ್ಲಿದೆ. ನಮ್ಮ ಅತ್ತೆ ಬಸವಣ್ಣನ ಕಟ್ಟೆಗೆ ಹೋಗುವ ದಾರಿಯನ್ನು ಯಾವತ್ತು ಬದಲಿಸಿದರು ಎಂಬುದನ್ನು ಮಾತ್ರ ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಎರಡರಲ್ಲಿ ಯಾವುದು ಮೊದಲು? ನನಗೆ ಬೇಕಾಗಿರುವುದು ಇಷ್ಟೇ.

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಅದು ನನಗೆ ಹಿತವಾಗುವ ಹಾಗೆ ದಿನಗಳನ್ನು ಹಿಂದೆಮುಂದೆ ಮಾಡುತ್ತದೆ. ಹೀಗಾಗಿ ನೆನಪಿನ ಹಂಗಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ.

ಸಂತೆಕಲ್ಲೂರಿನ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಪಹಣಿ ಅತ್ತೆಯ ಹೆಸರಿನಲ್ಲಿದೆ. ಅಲ್ಲೇ ನಾನೂ ನನ್ನ ಗಂಡನೂ ಒಂದು ಸಣ್ಣ ವೈನರಿ ನಡೆಸುತ್ತೇವೆ. ತಗಡಿನ ಶೆಡ್ಡು, ಅದರೊಳಗೆ ನಾಲ್ಕು ಉಕ್ಕಿನ ಟ್ಯಾಂಕು, ಶೆಡ್ಡಿಗೆ ಅಂಟಿಕೊಂಡು ಒಂದು ಕೋಣೆ. ಶೆಡ್ಡಿನ ಎಡಕ್ಕೆ, ಸಾಕಷ್ಟು ದೂರದಲ್ಲಿ ಮನೆ. ಬಲಕ್ಕೆ ದ್ರಾಕ್ಷಿಯ ಸಾಲುಗಳು ಮುಗಿಯುವಲ್ಲಿ ಒಂದು ಬೇವಿನ ಗಿಡ, ಅದರ ಕೆಳಗೆ ಕಟ್ಟೆ. ಕಟ್ಟೆಯ ಮೇಲಿರುವ ಕಲ್ಲನ್ನು ಯಾರೂ ಕೆತ್ತಿದ್ದಲ್ಲ. ಮಾವನವರು ಬಾವಿ ತೋಡಿಸುವಾಗ ಸಿಕ್ಕಿದ್ದು, ಮಲಗಿದ ಎತ್ತಿನ ಬೆನ್ನಿನ ಹಾಗೆ ಕಾಣುತ್ತದೆ. ಅತ್ತೆ ಅದನ್ನು ಬಸವಣ್ಣ ಅಂದರು, ಅಂದಿನಿಂದ ಅದು ಬಸವಣ್ಣ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗಕ್ಕೆ ಪೂಜೆ ಮುಗಿಸಿ, ಒಂದು ತಂಬಿಗೆ ನೀರು ಮತ್ತು ಒಂದು ಕಣಗಿಲೆ ಹೂವು ತೆಗೆದುಕೊಂಡು ಅಲ್ಲಿಗೆ ಹೋಗುತ್ತಾರೆ.

ವೈನ್ ಮಾಡುವುದಕ್ಕೆ ಒಂದು ಪರವಾನಗಿ ಬೇಕು, ಮಾರುವುದಕ್ಕೆ ಇನ್ನೊಂದು. ಮೊದಲನೆಯದು ನಮಗೆ ಸಿಕ್ಕಿತ್ತು. ಮೊದಲ ಸುಗ್ಗಿಯ ಹಣ್ಣು ಹಿಂಡಿ, ರಸ ಟ್ಯಾಂಕು ಸೇರಿತ್ತು. ಸೀಸೆಯ ಮೇಲೆ ಅಂಟಿಸುವ ಚೀಟಿಗೂ ಒಪ್ಪಿಗೆ ಬಂದಿತ್ತು. ಅದರಲ್ಲಿ ನಮ್ಮ ತೋಟದ ಚಿತ್ರಕ್ಕಿಂತ ಕುಡಿತ ಆರೋಗ್ಯಕ್ಕೆ ಹಾನಿಕರ ಎಂಬ ಸಾಲೇ ದೊಡ್ಡದು. ಅದನ್ನು ನೋಡಿ ಅತ್ತೆ, “ಇದನ್ನ ಬರದಾಂವ ಶಾಣ್ಯಾ ಅದಾನ” ಅಂದಿದ್ದರು.

ಆದರೆ ಸೀಸೆ ಕೊಳ್ಳುವವರು ಇರಲಿಲ್ಲ. ಸಿಂಧನೂರಿನ ಒಬ್ಬ ಅಂಗಡಿಯವರು ಗ್ಲಾಸಿನಲ್ಲಿ ಒಂದು ಗುಟುಕು ಹಾಕಿಸಿಕೊಂಡು ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು:

“ಚಲೋ ಐತ್ರಿ ಅಕ್ಕಾರ. ಆದ್ರ ಮದಿವ್ಯಾಗ ಹೆಣ್ಮಕ್ಕಳಿಗಿ ಕೊಡೂ ಶರಬತ್ತು ಇದ್ದಂಗ ಐತಿ. ನಮ್ಮ ಗಿರಾಕಿ ಇದನ್ನ ಕುಡುದು, ಕುಡದದ್ದು ಯಾವಾಗಂತ ನನ್ನ ಕೇಳ್ತಾನ.”

ಬೇರೆಯವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ನಮಗೆ ಉಳಿದದ್ದು ಒಂದೇ ದಾರಿ. ತೋಟದ ಆ ಕೋಣೆಯಲ್ಲಿಯೇ, ಬಂದವರಿಗೆ ಗಿಡ ತೋರಿಸಿ, ಟ್ಯಾಂಕು ತೋರಿಸಿ, ನಾವೇ ಮಾರುವುದು. ಅದಕ್ಕೆ ಎರಡನೆಯ ಪರವಾನಗಿ ಬೇಕು. ಅದು ಬರದಿದ್ದರೆ ಟ್ಯಾಂಕಿನಲ್ಲಿರುವುದು ಟ್ಯಾಂಕಿನಲ್ಲಿಯೇ ಉಳಿಯುತ್ತಿತ್ತು, ಮುಂದಿನ ಸುಗ್ಗಿಗೆ ನಾವು ಹಣ್ಣು ಹಿಂಡುತ್ತಿರಲಿಲ್ಲ. ವೈನರಿ ಮುಗಿಯುತ್ತಿತ್ತು.

ಅರ್ಜಿಯ ಜೊತೆ ಸುತ್ತಮುತ್ತ ಏನೇನಿದೆ ಎಂದು ತೋರಿಸುವ ನಕ್ಷೆ ಕೇಳಿದ್ದರು. ಅಡುಗೆಮನೆಯ ನೆಲದ ಮೇಲೆ ಹಾಳೆ ಹರವಿಕೊಂಡು ನಾನೇ ಬರೆದೆ. ಬೇಸಿಗೆ ಎಂದು ನೆನಪು, ಏಕೆಂದರೆ ಬೆವರು ಹಾಳೆಯ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ನನ್ನ ಹತ್ತಿರ ಈಗಿರುವುದು ಮಸ್ಕಿಯಲ್ಲಿ ಮಾಡಿಸಿದ ಝೆರಾಕ್ಸ್, ಅದರಲ್ಲಿ ಬೆವರಿನ ಕಲೆ ಇಲ್ಲ. ಅತ್ತೆ ಪಕ್ಕದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು.

“ಇದೇನವಾ, ರಂಗೋಲಿ?”

“ನಮ್ಮ ತ್ವಾಟ ರೀ ಅತ್ತಿ. ಇದು ಮನಿ, ಇದು ಶೆಡ್ಡು, ಇದು ನಿಮ್ಮ ಬಸವಣ್ಣ.”

“ಈ ಚುಕ್ಕಿ ಎದರವು?”

“ಅದು ನೀವು ದಿನಾ ಹೋಗೂ ದಾರಿ.”

ಅವರು ಮೊರ ಕೆಳಗಿಟ್ಟು ನಕ್ಕರು. “ನಾ ಎತ್ತಾಗ ಹೋಗ್ತೀನಿ, ಎತ್ತಾಗ ಬರ್ತೀನಿ, ಅದೂ ಸರ್ಕಾರಕ್ಕ ಬೇಕಾತೇನು? ಚಲೋ ಆತು ತಗೋ. ಕಳದು ಹ್ವಾದ್ರ ಅವರ ಹುಡುಕ್ಕೊಂಡು ಬರ್ತಾರ.”

ಆ ಚುಕ್ಕೆಗಳನ್ನು ಯಾರೂ ಕೇಳಿರಲಿಲ್ಲ. ಚಂದ ಕಾಣುತ್ತದೆ ಎಂದು ಹಾಕಿದೆ. ಮನೆಯಿಂದ ಹೊರಟು, ಮಾರುವ ಕೋಣೆಯ ಬಾಗಿಲ ಮುಂದೆ ಹಾದು, ದ್ರಾಕ್ಷಿಯ ಸಾಲುಗಳ ನಡುವೆ ನೇರವಾಗಿ ಬೇವಿನ ಗಿಡದವರೆಗೆ. ತಗಾದೆ ಎದ್ದದ್ದು ಅದರಿಂದಲೇ.

ಲಿಂಗಸುಗೂರಿನಿಂದ ಅಬಕಾರಿ ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ಬಸವಣ್ಣನಿಗೆ ಕೈ ಮುಗಿದು ಬಂದು, ನಕ್ಷೆ ಬಿಚ್ಚಿದರು.

“ಅಕ್ಕಾರ, ಗುಡಿಯಿಂದ ನೂರು ಮೀಟರ್ ಒಳಗ ಮಾರಂಗಿಲ್ಲ. ಅದೂ ನೇರ ಗೆರಿ ಅಲ್ಲ, ಮಂದಿ ವಾಡಿಕಿಯಾಗ ನಡಿಯೂ ದಾರಿ ಅಳೀಬೇಕು. ಈ ಕೋಣಿ ಬಾಗಲದಿಂದ ನೀವು ಹಾಕಿದ ಚುಕ್ಕಿ ಮ್ಯಾಲ ಅಳದ್ರ ಎಪ್ಪತ್ನಾಕು ಆಗ್ತದ.”

“ಅದು ಗುಡಿ ಅಲ್ರಿ ಸಾಹೇಬ್ರ, ಬರೇ ಕಲ್ಲು,” ಎಂದರು ನನ್ನ ಗಂಡ.

“ನಮ್ಮ ದಾಖಲೆದಾಗೂ ಇಲ್ಲಿ ಗುಡಿ ಇಲ್ಲ. ಆದ್ರ ಬಸವಣ್ಣ ಅಂತ ಬರದವರು ನೀವ, ದಾರಿ ಹಾಕಿದವರೂ ನೀವ. ಕಂಡು ಕೈ ಮುಗುದ ಮ್ಯಾಲ ನಾ ಕಂಡಿಲ್ಲ ಅಂತ ಹೆಂಗ ಬರೀಲಿ ಹೇಳ್ರಿ?”

ಆಮೇಲೆ ಪತ್ರ ಬಂತು. ಪೂಜಾಸ್ಥಳದ ಅಂತರದ ಬಗ್ಗೆ ಆಕ್ಷೇಪವಿದೆ, ಮತ್ತೊಮ್ಮೆ ಬಂದು ಮೋಜಣಿ ಮಾಡಿ ತೀರ್ಮಾನಿಸುತ್ತೇವೆ ಎಂದು. ಮುಂಗಾರು ಶುರುವಾದ ವಾರ ಅದು. ನನ್ನ ಗಂಡ ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿ, ತಾಯಿಯ ಹತ್ತಿರ ಹೋಗಿ ಕೂತರು.

“ಯವ್ವಾ, ಬಸವಣ್ಣನ್ನ ಮನಿ ಅಂಗಳಕ್ಕ ತರೂಣು. ನಿನಗೂ ಮಣಕಾಲು ಬ್ಯಾನಿ. ಹತ್ರ ಆಗ್ತಾನ.”

“ಅಂವ ನಿನ್ನ ಮೋಟರ್ ಸೈಕಲ್ಲೇನಲೇ, ಅಲ್ಲಿಂದ ತಗದು ಇಲ್ಲಿ ಹಚ್ಚಾಕ?”

ನಾನು ನಗಲಿಲ್ಲ. ಅಳುವಿನ ಹತ್ತಿರ ಇದ್ದೆ. ಅತ್ತೆ ನನ್ನ ಕಡೆ ನೋಡಿದರು. ಏನಾದರೂ ಹೇಳಿದರೇ? ಬರೆದ ಮೊದಲ ಕರಡಿನಲ್ಲಿ, ಅವರು ನನ್ನ ತಲೆ ಸವರಿ “ಆಗ್ತೈತಿ ಬಿಡವಾ” ಅಂದರು ಎಂದಿತ್ತು. ಅದನ್ನು ಹೊಡೆದು ಹಾಕಿದ್ದೇನೆ. ತಲೆ ಸವರಿದ್ದು ಇನ್ನೊಂದು ದಿನದ್ದು, ನನಗೆ ಜ್ವರ ಬಂದಾಗಿನದು. ಅವತ್ತು ಅವರು ನೋಡಿದರು, ಅಷ್ಟೇ.

ಎರಡನೆಯ ಸಲ ಸಾಹೇಬರು ಬರುವ ಹೊತ್ತಿಗೆ ಶ್ರಾವಣ ಕಳೆದಿತ್ತು. ತಾಲ್ಲೂಕಿನ ಸರ್ವೆಯರ್, ಟೇಪು ಹಿಡಿಯುವ ಒಬ್ಬರು ಜೊತೆಗಿದ್ದರು. ಪಂಚನಾಮೆಗೆ ಸಾಕ್ಷಿಯಾಗಿ ಪಕ್ಕದ ಹೊಲದ ಚಾಚಾ ಬಂದಿದ್ದರು. ಪಪ್ಪಾಯಿ ಬೆಳೆಯುವವರು, ಐದು ಹೊತ್ತು ನಮಾಜು ತಪ್ಪಿಸದವರು.

“ಸಾಹೇಬ್ರ,” ಎಂದರು ಚಾಚಾ ನಮ್ಮ ಕಡೆ ಕೈ ತೋರಿಸುತ್ತ, “ನಾ ಕುಡಿಯಂಗಿಲ್ಲ. ಇಂವನೂ ಕುಡಿಯಂಗಿಲ್ಲ. ಈಕಿ ರುಚಿ ನೋಡಾಕ ಬಾಯಾಗ ಹಾಕ್ಕೊಂಡು ಉಗುಳ್ತಾಳ. ಈಕಿ ಅತ್ತಿ ಅಕ್ಕಾರಂತೂ ಚಹಾನೂ ಮುಟ್ಟಂಗಿಲ್ಲ. ಇಷ್ಟು ಮಂದಿ ಕೂಡಿ ಶರಾಬಿನ ಪಂಚನಾಮಾ ಮಾಡಾಕತ್ತೀವಿ ನೋಡ್ರಿ.”

ಸರ್ವೆಯರ್ ನನ್ನ ಚುಕ್ಕೆಗಳ ದಾರಿ ಹುಡುಕುತ್ತ ದ್ರಾಕ್ಷಿಯ ಸಾಲಿನೊಳಗೆ ಇಣುಕಿದರು. ಅಲ್ಲಿ ದಾರಿ ಇರಲಿಲ್ಲ. ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು.

ಇದೇ ಆ ಹುಲ್ಲು. ಇದು ಏನನ್ನು ಹೇಳುತ್ತದೆ? ನಮ್ಮ ಕಡೆ ಬೇಸಿಗೆಯಲ್ಲಿ ಕಾಲ್ದಾರಿಯಲ್ಲಿ ಯಾರೂ ನಡೆಯದಿದ್ದರೂ ಅದು ಹಾಗೆಯೇ ಬೆಳ್ಳಗೆ ಬಿದ್ದಿರುತ್ತದೆ, ಮಳೆ ಬೀಳುವ ತನಕ ಅಳಿಸುವುದಿಲ್ಲ. ಅಂದರೆ ಮಳೆ ಬಂದ ಮೇಲೆ ಅತ್ತೆ ಅಲ್ಲಿ ನಡೆದಿಲ್ಲ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಮಳೆಗೆ ಮೊದಲೇ ಬಿಟ್ಟಿದ್ದರೋ, ಪತ್ರ ಬಂದ ಮರುದಿನ ಬಿಟ್ಟರೋ, ಹುಲ್ಲಿಗೆ ಗೊತ್ತಿಲ್ಲ.

ಸಾಹೇಬರು ಅತ್ತೆಯನ್ನು ಕರೆದರು. ಅವರು ತಂಬಿಗೆ ಹಿಡಿದೇ ಬಂದರು.

“ಅಮ್ಮಾರ, ಬಸವಣ್ಣಗ ನೀರು ಹಾಕಾಕ ಎತ್ತಾಗಿಂದ ಹೋಗ್ತೀರಿ? ಈ ಸಾಲಿನಾಗ ಹಾದು ಹೋಗ್ತೀರೇನು?”

“ಇಲ್ರಿ. ಗೇಟಿನ ಕಡಿಂದ, ಬದುವಿನ ಮ್ಯಾಲ.”

“ಯಾವಾಗಿಂದ?”

“ಇವರು ದ್ರಾಕ್ಷಿ ಹಿಂಡಾಕ ಸುರು ಮಾಡಿದಾಗಿಂದ್ರಿ. ಆ ವಾಸನಿಯಾಗ ಹಾದು ದೇವರ ನೀರು ಒಯ್ಯಾಕ ಮನಸ್ಸಾಗಲಿಲ್ಲ.”

ಸಾಹೇಬರು ಬರೆದುಕೊಂಡರು. ಅತ್ತೆ ನನ್ನ ಕಡೆ ನೋಡಲಿಲ್ಲ.

ನನ್ನ ವೈನರಿ ಉಳಿಯುವುದಕ್ಕೆ ಬೇಕಾದ ಮಾತು ಅದೇ ಆಗಿತ್ತು. ಆದರೆ ನಾನು ತಿಂಗಳು ಎಣಿಸತೊಡಗಿದ್ದೆ. ನಾವು ಹಣ್ಣು ಹಿಂಡಿದ್ದು ಪತ್ರ ಬರುವುದಕ್ಕೆ ಎಷ್ಟೋ ತಿಂಗಳು ಮೊದಲು. ಅಷ್ಟು ದಿನದಿಂದ ಈಕೆ ನನ್ನ ಕೆಲಸದ ವಾಸನೆಗೆ ಮುಖ ತಿರುಗಿಸಿ, ನೋಯುವ ಕಾಲಿನಲ್ಲಿ ಸುತ್ತುಹಾಕಿ ಹೋಗುತ್ತಿದ್ದರೇ? ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು, ನನಗೆ ಹೇಳದೆ?

“ಹಂಗಾರ ಒಮ್ಮಿ ನಡದು ತೋರಸ್ರಿ ಅಮ್ಮಾರ,” ಎಂದರು ಸಾಹೇಬರು.

ಅಳತೆ ಶುರುವಾಗಬೇಕಾದ ಮಾರುವ ಕೋಣೆಯ ಬಾಗಿಲಿನಿಂದ ಅತ್ತೆ ನಡೆದರು. ಹಿಂದೆ ಟೇಪು ಬಿಚ್ಚುತ್ತ ಸರ್ವೆಯರ್, ಅವರ ಹಿಂದೆ ಸಾಹೇಬರು, ಚಾಚಾ, ನಾವಿಬ್ಬರು. ಗೇಟಿನ ಹತ್ತಿರ ಕಂಬ ಹಿಡಿದು ನಿಂತರು. ಯಾರೂ ಅವಸರ ಮಾಡಲಿಲ್ಲ. ಬದುವಿನ ಮೇಲೆ ಹೆಜ್ಜೆ ಇನ್ನೂ ಸಣ್ಣದಾಯಿತು, ಹಿಂದಿನವರೆಲ್ಲ ತಮ್ಮ ಹೆಜ್ಜೆಯನ್ನೂ ಸಣ್ಣದು ಮಾಡಿಕೊಂಡರು. ತಂಬಿಗೆಯ ನೀರು ಒಂದು ಹನಿಯೂ ಚೆಲ್ಲಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಅದನ್ನು ನಾನು ನಂಬುವುದಿಲ್ಲ. ಚೆಲ್ಲಿಯೇ ಇರುತ್ತದೆ.

“ನೂರ ಒಂಬತ್ತು,” ಎಂದರು ಸರ್ವೆಯರ್.

ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲವೇನೋ ಎಂಬಂತೆ ಕಲ್ಲಿಗೆ ನೀರು ಹಾಕಿದರು, ಹೂವಿಟ್ಟರು. ಆಮೇಲೆ ಕಣ್ಣು ಮುಚ್ಚಿ ನಿಂತರು. ದಿನಕ್ಕಿಂತ ಹೆಚ್ಚು ಹೊತ್ತು ನಿಂತರೇ? ನನಗೆ ಹಾಗೆ ಕಂಡಿತು. ತಪ್ಪಾಯಿತು ಎಂದು ಕೇಳಿಕೊಳ್ಳುವವರ ಹಾಗೆ. ಆದರೆ ನಡೆದು ದಣಿದವರೂ ಹಾಗೆಯೇ ನಿಲ್ಲುತ್ತಾರೆ.

ಪರವಾನಗಿ ಬಂತು, ಕೋಣೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿದೆ. ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಜಾಹೀರಾತು ಹಾಕುವಂತಿಲ್ಲ. ಆದರೂ ಜನ ಒಬ್ಬರಿಂದೊಬ್ಬರು ಕೇಳಿ, ಲಿಂಗಸುಗೂರಿನಿಂದ, ಸಿಂಧನೂರಿನಿಂದ ಬರುತ್ತಾರೆ. ಶರಬತ್ತು ಎಂದಿದ್ದ ಅಂಗಡಿಯವರೂ ಒಮ್ಮೆ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು.

ನನಗೆ ಮಾತ್ರ ಬೇರೆಯದೇ ವಿಚಾರಣೆ. ನಕ್ಷೆ ಬರೆದ ದಿನ ಅತ್ತೆ ಚುಕ್ಕೆಗಳನ್ನು ನೋಡಿ ನಕ್ಕಿದ್ದರು, ಈಗ ನಾನು ಅಲ್ಲಿ ಹೋಗುವುದಿಲ್ಲ ಅಂದಿರಲಿಲ್ಲ. ಹಾಗಾದರೆ ಸಾಹೇಬರ ಮುಂದೆ ಆಡಿದ್ದು ಸುಳ್ಳು. ಲಿಂಗ ಕಟ್ಟಿದ ಕೊರಳಿನಿಂದ, ಬಸವಣ್ಣನ ಎದುರಿಗೆ, ಜೀವನದಲ್ಲಿ ಬಹುಶಃ ಮೊದಲ ಸುಳ್ಳು, ಅದೂ ತಾವು ಕುಡಿಯದ, ಒಪ್ಪದ ವಸ್ತುವಿಗಾಗಿ. ಅಲ್ಲ, ನನಗಾಗಿ. ಹೀಗೆ ನಂಬಲು ನನಗೆ ಬಹಳ ಇಷ್ಟ, ಅದಕ್ಕೇ ಅನುಮಾನ. ಹಣ್ಣು ಹಿಂಡುವ ದಿನಗಳಲ್ಲಿ ನಾನು ಬೆಳಕು ಹರಿಯುವ ಮುಂಚೆಯೇ ಶೆಡ್ಡು ಸೇರುತ್ತಿದ್ದೆ. ಹೊರಗೆ ಯಾರು ಹಾದು ಹೋದರು ಎಂದು ತಲೆ ಎತ್ತಿ ನೋಡಿದವಳಲ್ಲ. ಚುಕ್ಕೆಗಳನ್ನು ಹಳೆಯ ಅಭ್ಯಾಸದಿಂದ ಹಾಕಿರಬಹುದು. ಮೊಬೈಲಿನ ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಗೊಂಚಲುಗಳಿವೆ, ಟ್ಯಾಂಕುಗಳಿವೆ, ನನ್ನ ನೇರಳೆ ಬಣ್ಣದ ಕೈಗಳಿವೆ. ನೆಲ ಒಂದರಲ್ಲೂ ಇಲ್ಲ.

ಚಾಚಾರನ್ನು ಕೇಳಿದೆ. “ಬೇಟಿ, ನಾ ಸಹಿ ಮಾಡೀನಿ. ಸಹಿ ಮಾಡಿದ ಮ್ಯಾಲ ನಮ್ಮಪ್ಪ ಬಂದು ಕೇಳಿದ್ರೂ ಅದ ಖರೆ,” ಎಂದು ಒಂದು ಪಪ್ಪಾಯಿ ಕೈಗಿತ್ತರು.

ಕೊನೆಗೆ ಅತ್ತೆಯನ್ನೇ ಕೇಳಿದೆ. ಅಂಗಳದಲ್ಲಿ ಹೂವು ಕೀಳುತ್ತಿದ್ದರು.

“ಅತ್ತೀ, ಅವತ್ತು ಸಾಹೇಬ್ರ ಮುಂದ ಹೇಳಿದ್ರಲ್ಲ, ವಾಸನಿ ಅಂತ. ಖರೇನ?”

“ಬರಕೊಂಡು ಹೋಗ್ಯಾರಲ್ಲವಾ. ನಿನ್ನ ಹತ್ರ ಝೆರಾಕ್ಸ್ ಐತಿ. ಓದ್ಕೊ.”

“ಓದೀನ್ರಿ. ಖರೇನೋ ಸುಳ್ಳೋ ಅಂತ ಕೇಳಾಕತ್ತೀನಿ.”

“ಒಮ್ಮಿ ಹೇಳಿದ್ದನ್ನ ಎರಡು ಸಲ ಹೇಳಸ್ತಾಳ ನೋಡು. ಹಿಡಿ ಇದನ್ನ,” ಎಂದು ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, ಎತ್ತರದ ಕೊಂಬೆ ಬಗ್ಗಿಸಿದರು. “ಈ ವರ್ಸ ದ್ರಾಕ್ಷಿ ಹಣ್ಣು ಭಾಳ ಸವಿ ಆಗ್ಯಾವವಾ. ನಿನ್ನೆ ಒಂದು ತಿಂದೆ.”

ಆ ವಾರ ನಾನೇ ಕುಡಗೋಲು ಹಿಡಿದು ಸಾಲಿನ ನಡುವಿನ ಹುಲ್ಲು ಕೊಯ್ದು, ಹಳೆಯ ದಾರಿಯನ್ನು ಮತ್ತೆ ಬಿಡಿಸಿದೆ. ಅವರ ಕಾಲಿಗೆ ಹತ್ತಿರವಾಗಲಿ ಎಂದು. ನಿಜ ಹೇಳಬೇಕೆಂದರೆ, ಯಾವ ಕಡೆ ಹೋಗುತ್ತಾರೆ ನೋಡೋಣ ಎಂದು. ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತೆ. ಅತ್ತೆ ಬಂದರು, ಕೊಯ್ದ ಹುಲ್ಲಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಗೇಟಿನ ಕಡೆ ತಿರುಗಿದರು. ನಾನು ಹೋಗಿ ತಂಬಿಗೆ ಇಸಿದುಕೊಂಡೆ, ಕೊಟ್ಟರು. ಅಂದಿನಿಂದ ಬದುವಿನ ಮೇಲೆ ದಿನಾ ಇಬ್ಬರೂ ಹೋಗುತ್ತೇವೆ. ನನ್ನ ಬಟ್ಟೆಗೆ ಟ್ಯಾಂಕಿನ ವಾಸನೆ ಇರುತ್ತದೆ, ನೀರು ನನ್ನ ಕೈಯಲ್ಲಿರುತ್ತದೆ. ಅವರು ಅದಕ್ಕೆ ಏನೂ ಅಂದಿಲ್ಲ.

ಅವರು ಅವತ್ತು ಹೇಳಿದ್ದು ನಿಜವೋ ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ.